ಡಾಲ್ಬಿಯ ನೆತ್ತಿ ಏರಿದ ಹಾರ್ಡ್‌ಡಿಸ್ಕು

ಈ ಮದುವೆಯಲ್ಲಿ ಒಂದೇ ಒಂದು ದೃಶ್ಯ ಕಳೆದುಹೋದರೂ ಕ್ಯಾಮೆರಾವನ್ನು ಕೃಷ್ಣೆಗೆ ಅರ್ಪಿಸಿ ಕಬ್ಬು ಕಡಿಯಲು ಹೋಗುವೆನೆಂದು ರಾಯಬಾಗದ ವಿಡಿಯೋಗ್ರಾಫರ್ ಅಣ್ಣಾಸಾಬ ಘೋಷಿಸಿದಾಗ, ಅವನ ಹೆಂಡತಿ ಉಜ್ವಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋಗೂ ಮುಂದ ಹೇಳ್ರಿ, ಬುತ್ತಿ ಕಟ್ತೀನಿ," ಎಂದಳಷ್ಟೆ.

ಅವಳ ಅಪನಂಬಿಕೆಗೆ ಇತಿಹಾಸವಿತ್ತು. ಎಂಟು ವರ್ಷಗಳ ಹಿಂದೆ ಅಣ್ಣಾಸಾಬ ತಮ್ಮದೇ ಮದುವೆಯ ಕ್ಯಾಸೆಟ್ಟಿನ ಮೇಲೆ ಅವಸರದಲ್ಲಿ ಯಾರದೋ ಹೊಸ ಟ್ರ್ಯಾಕ್ಟರಿನ ಪೂಜೆಯನ್ನು ತುಂಬಿಸಿಬಿಟ್ಟಿದ್ದ. ಅಂದಿನಿಂದ ಆ ಮದುವೆಯಲ್ಲಿ ಮದುಮಗಳ ಜಾಗಕ್ಕೆ ಒಂದು ಕೆಂಪು ಟ್ರ್ಯಾಕ್ಟರ್ ಹಾರ ಹಾಕಿಕೊಂಡು ನಿಂತಿದೆ.

ಈಗ ೨೦೧೧. ಉಗಾರ ಖುರ್ದದ ತವರುಮನೆಯಲ್ಲಿ ಉಜ್ವಲಾಳ ತಂಗಿ ಪೂನಮಳ ಮದುವೆ. ಉಜ್ವಲಾ ಗಂಡನನ್ನು ಕೇಳಿದ್ದು ಒಂದೇ.

"ಅಕ್ಕಿಕಾಳು ಬೀಳೂ ಮುಂದ ಅಪ್ಪನ ಮಾರಿ ತಗೀರಿ. ನನ್ನ ಮದುವ್ಯಾಗ ನಾ ತಲಿ ತಗ್ಗಿಸಿ ಕುಂತಿದ್ದೆ. ಅಂವ ಅತ್ತನೋ, ಸುಮ್ನ ನಿಂತನೋ, ಇವತ್ತಿಗೂ ಗೊತ್ತಿಲ್ಲ. ಕ್ಯಾಸೆಟ್ ಹಾಕಿದ್ರ ಟ್ರ್ಯಾಕ್ಟರ್ ಬರ್ತೈತಿ."

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಮುರಗೆಪ್ಪ ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕುಳಿತು ಕಬ್ಬಿನ ಗಾಡಿ ತೂಗಿದವನು. ಮಾತನ್ನೂ ತೂಗಿಯೇ ಆಡುತ್ತಿದ್ದ. ಆ ಮುಖದ ಹಿಂದೆ ಏನು ನಡೆದಿದೆಯೆಂದು ಹೆತ್ತ ಮಕ್ಕಳಿಗೂ ತಿಳಿಯುತ್ತಿರಲಿಲ್ಲ.

ಅಣ್ಣಾಸಾಬನ ಕೈಯಲ್ಲಿ ಈಗ ಹೊಸ ದಿವ್ಯಾಸ್ತ್ರವಿತ್ತು. ಕ್ಯಾಮೆರಾದಿಂದ ಉದ್ದನೆಯ ವೈರು, ವೈರಿನ ತುದಿಗೆ ಲ್ಯಾಪ್‌ಟಾಪು, ಅದಕ್ಕೆ ಅಂಟಿಕೊಂಡ ಹಾರ್ಡ್‌ಡಿಸ್ಕು. ಚಿತ್ರ ನೇರವಾಗಿ ಡಿಸ್ಕಿಗೇ ಇಳಿಯುತ್ತದೆ. ಕ್ಯಾಸೆಟ್ ಮುಗಿಯುವ, ಸಿಕ್ಕಿಕೊಳ್ಳುವ, ಅದರ ಮೇಲೆ ಟ್ರ್ಯಾಕ್ಟರ್ ಏರುವ ಮಾತೇ ಇಲ್ಲ.

"ಕ್ಯಾಮೆರಾದಾಗ ಒಂದು ಕ್ಯಾಸೆಟ್ಟೂ ಇರ್ಲಿ," ಎಂದಳು ಉಜ್ವಲಾ. "ಎರಡೂ ಕಡೆ ತುಂಬಿದ್ರ ನಿಮ್ಮ ಗಂಟೇನ್ ಹೋಗ್ತೈತಿ?"

"ವಿಮಾನದಾಗ ಹೋಗಾವ ಬಗಲಾಗ ಸೈಕಲ್ ಇಟ್ಕೊತಾನೇನ?"

ಮದುವೆಯ ಬೆಳಿಗ್ಗೆ ಮನೆಯ ಮುಂದಿನ ಹಂದರದಲ್ಲಿ ನಿಂತು ಅವನು ದಂಡನಾಯಕನ ಗತ್ತಿನಲ್ಲಿ ಅಪಾಯಗಳನ್ನು ಎಣಿಸಿದ. ಡಿಸ್ಕನ್ನು ಕೆಳಗಿಟ್ಟರೆ ಮಕ್ಕಳು ತುಳಿಯುತ್ತಾರೆ. ಕಟ್ಟೆಯ ಮೇಲಿಟ್ಟರೆ ಆಡು ಮೂಸುತ್ತದೆ. ಮನೆಯ ಕರೆಂಟನ್ನು ನಂಬುವಂತಿಲ್ಲ. ಎತ್ತರದ, ಯಾರ ಕೈಗೂ ಎಟುಕದ, ಸ್ವಂತ ಜನರೇಟರ್ ಇರುವ ಜಾಗ ಅಲ್ಲಿ ಒಂದೇ ಇತ್ತು. ಹಂದರದ ಪಕ್ಕ ಟ್ರೇಲರಿನ ಮೇಲೆ ನಿಂತ ಲಗಮಣ್ಣನ ಡಾಲ್ಬಿ! ಡಾಲ್ಬಿ ಎಂದರೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಗೋಡೆ. ಅದು ಗುಡುಗದಿದ್ದರೆ ಗಡಿಭಾಗದಲ್ಲಿ ಮದುವೆಯಾಯಿತೆಂದು ಬೀಗರೂ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಎತ್ತರದ ಪೆಟ್ಟಿಗೆಯ ನೆತ್ತಿಗೆ ಲ್ಯಾಪ್‌ಟಾಪು, ಡಿಸ್ಕು ಎರಡನ್ನೂ ಏರಿಸಿ ಅಣ್ಣಾಸಾಬ ಹಗ್ಗದಿಂದ ಬಿಗಿದ. ಅತ್ತೆ ಕೆಂಚವ್ವ ಕೆಳಗಿನಿಂದ ಹಳೆ ಸೀರೆಗಳನ್ನು ಹೊಲಿದ ಒಂದು ಕೌದಿ ಚಾಚಿದಳು.

"ಬುಡಕ ಇದನ್ನ ಹಾಕ್ರಿ ಅಳ್ಯಾರ. ಪಾಪ, ನಡುಗೀತದು."

"ಕೌದಿ ಹಾಕಿದ್ರ ಬಿಸಿ ಆಗ್ತೈತ್ರಿ ಅತ್ತಿ. ಇದು ಯಂತ್ರ, ಕೂಸಲ್ಲ."

ಹನ್ನೆರಡೂವರೆಗೆ ಮುಹೂರ್ತ. ಅಣ್ಣಾಸಾಬ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟವನು ಅಲ್ಲೇ ಕರಗಿಹೋದ. ಅವನ ಹುಟ್ಟುಗುಣವೇ ಅದು. ಕಿಂಡಿಯೊಳಗಿನ ಲೋಕ ಸಿಕ್ಕಿತೆಂದರೆ ಹೊರಗಿನದು ಬೇಡ. ಹಂದರದ ತೂತುಗಳಿಂದ ಅರಿಶಿನದ ಬಿಸಿಲು ಸೋರುತ್ತಿತ್ತು. ಬಾಸಿಂಗದ ಕೆಳಗೆ ಪೂನಮಳ ಕಣ್ಣು ಅರ್ಧ ಮುಚ್ಚಿತ್ತು. ಅಯ್ಯನವರ ಮೈಕನ್ನೂ ಲಗಮಣ್ಣ ಡಾಲ್ಬಿಗೇ ಜೋಡಿಸಿದ್ದ. ಮೊದಲ ಮಂತ್ರಕ್ಕೆ ನೆಲ ನಡುಗಿತು, ತಟ್ಟೆಯೊಳಗಿನ ಅಡಿಕೆ ಕುಣಿಯಿತು, ಅಣ್ಣಾಸಾಬನಿಗೆ ಮಾತ್ರ ತೊಟ್ಟಿಲು ತೂಗಿದ ಹಾಗಾಯಿತು. ಅಕ್ಕಿಕಾಳು ಮೇಲಕ್ಕೆ ಹಾರಿ, ಇಳಿಯಲು ಮನಸ್ಸಿಲ್ಲದೆ ಅಲ್ಲೇ ತೇಲುತ್ತಿವೆಯೇನೋ ಅನ್ನಿಸಿತು. ಆ ಅಕ್ಕಿಯ ಮಂಜಿನಲ್ಲಿ ಅವನು ಮಾವನ ಮುಖ ಹುಡುಕಿದ. ಮಾವನ ಕೆಳತುಟಿ ಅದುರಿತು. ದುಃಖಕ್ಕೋ ಡಾಲ್ಬಿಗೋ ತಿಳಿಯಲಿಲ್ಲ, ಆದರೆ ಅದುರಿದ್ದು ನಿಜ. "ಸಿಕ್ತು," ಎಂದುಕೊಂಡ ಅಣ್ಣಾಸಾಬ, ಕಣ್ಣು ಒರೆಸಿಕೊಂಡ.

ಡಿಸ್ಕು ತುಂಬಲು ಇನ್ನೂ ಹತ್ತು ತಾಸಿನ ಜಾಗವಿತ್ತು. ಓಡುತ್ತಿರಲಿ ಎಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು ಹುಗ್ಗಿ ಉಣ್ಣಲು ಹೋದ. ಅವನು ಎರಡನೆಯ ಸಲ ತುಪ್ಪ ಬಡಿಸಿಕೊಳ್ಳುವಾಗ ಜನರೇಟರಿನ ಡೀಸೆಲ್ ತೀರಿ ಡಾಲ್ಬಿ ತೆಪ್ಪಗಾಯಿತು. ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಮೇಲೆ ಎಚ್ಚರವಾಗಿಯೇ ಇತ್ತು.

ಮರುದಿನ ಮಧ್ಯಾಹ್ನ, ಪೂನಮ ಅಥಣಿಯ ಗಂಡನ ಮನೆಗೆ ಹೋದ ಮೇಲೆ, ಅಣ್ಣಾಸಾಬ ಮಾವನ ಟಿವಿಗೆ ವೈರು ಚುಚ್ಚಿ ಎಲ್ಲರನ್ನೂ ಕೂಡಿಸಿದ. ತೆರೆಯ ಮೇಲೆ ಹಂದರ ಮೂಡಿತು. ಪೂನಮ ಬಂದು ಕುಳಿತಳು. ಅಯ್ಯನವರು ಬಾಯಿ ತೆರೆದರು. ಟಿವಿ ಕಪ್ಪಾಯಿತು.

"ಕರೆಂಟ್ ಹೋತೇನ?" ಎಂದಳು ಕೆಂಚವ್ವ. ಮೇಲೆ ಫ್ಯಾನು ತಿರುಗುತ್ತಿತ್ತು.

ಅಣ್ಣಾಸಾಬ ಲ್ಯಾಪ್‌ಟಾಪು ನೋಡಿದ. ಕಂಪನ ಹೆಚ್ಚಾಗಿದ್ದರಿಂದ ಬರೆಯುವುದನ್ನು ನಿಲ್ಲಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು ಅಲ್ಲಿ ನಲವತ್ತೊಂದು ಸಲ ಇತ್ತು. ಡಾಲ್ಬಿ ಗುಡುಗಿದಾಗಲೆಲ್ಲ ಡಿಸ್ಕು ಹೆದರಿ ಕೈಕಟ್ಟಿ ಕುಳಿತಿತ್ತು, ಅದು ತೆಪ್ಪಗಾದಾಗ ಮಾತ್ರ ಮತ್ತೆ ಬರೆದಿತ್ತು.

"ಅಪ್ಪನ ಮಾರಿ?" ಉಜ್ವಲಾ ಮೆಲ್ಲಗೆ ಕೇಳಿದಳು.

ಅಕ್ಕಿಕಾಳು ಬಿದ್ದ ಹೊತ್ತಿನ ಫೈಲೇ ಇರಲಿಲ್ಲ. ಕೆಂಚವ್ವ "ಕೌದಿ..." ಎಂದು ಶುರುಮಾಡಿದವಳು ಅಳಿಯನ ಮುಖ ನೋಡಿ ನುಂಗಿಕೊಂಡಳು. ಅಣ್ಣಾಸಾಬ ಕೈಗೆ ಏನಾದರೂ ಕೆಲಸವಿರಲೆಂದು ಕೊನೆಯ ಫೈಲನ್ನು ಒತ್ತಿದ.

ಖಾಲಿ ಹಂದರ. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಮುರಗೆಪ್ಪ ಒಬ್ಬನೇ ಬರುತ್ತಾನೆ, ಅತ್ತಿತ್ತ ನೋಡಿ ಪೂನಮ ಕುಳಿತಿದ್ದ ಮಣೆಯ ಪಕ್ಕ ಕೂಡುತ್ತಾನೆ. ನೆಲದ ಮೇಲಿನ ಅಕ್ಕಿಕಾಳನ್ನು ಒಂದೊಂದಾಗಿ ಹೆಕ್ಕಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಾನೆ. ಡಾಲ್ಬಿ ಇಲ್ಲದ್ದರಿಂದ ಅವನ ಉಸಿರೂ ಕೇಳುತ್ತದೆ.

"ಒಬ್ಬಾಕಿ ರಾಯಬಾಗಕ್ಕ," ಎನ್ನುತ್ತಾನೆ. ಇನ್ನೊಂದು ಕಾಳು ಹೆಕ್ಕಿ, "ಒಬ್ಬಾಕಿ ಅಥಣಿಗೆ."

ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಹೆಗಲು ಕುಣಿಯುವಷ್ಟು ಅಳುತ್ತಾನೆ.

ಎಂಟು ವರ್ಷದಿಂದ ಕಾದದ್ದನ್ನು ಉಜ್ವಲಾ ಕಣ್ಣು ತುಂಬ ನೋಡಿದಳು, ಸದ್ದಿಲ್ಲದೆ ಅತ್ತಳು. ಮುರಗೆಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದ.

"ಅಳ್ಯಾರ, ಅದನ್ನ ಅಳಿಸಿಬಿಡ್ರಿ."

ಅಣ್ಣಾಸಾಬ ಹೆಂಡತಿಯತ್ತ ನೋಡಿದ. ಉಜ್ವಲಾ ಎದ್ದು ವೈರು ಕಿತ್ತಳು, ಡಿಸ್ಕನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು.

"ಅಳಿಸ್ರಿ ಅಂತ ಯಾಕ ಹೇಳ್ತಿ ಅಪ್ಪಾ? ಜ್ವಾಕಿಲೆ ಇಡ್ರಿ ಅಂತ ಇವ್ರ ಕೈಯಾಗ ಕೊಟ್ಟಿದ್ರ ಸಾಕಿತ್ತು."