ಚಾವಣಿಯಲ್ಲೊಂದು ವಿದೇಶ

ಮಗಳು ಓದಲು ವಿದೇಶಕ್ಕೆ ಹೋಗುವ ಮೊದಲು ವಿದೇಶವನ್ನೇ ಮನೆಗೆ ತರುತ್ತೇನೆ ಎಂದು ನಾನು ಘೋಷಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಔಷಧಿ ಅಂಗಡಿ ಮುಚ್ಚಿ ಆಗಷ್ಟೇ ಬಂದಿದ್ದ ಹೆಂಡತಿ, ಮೊದಲು ತರಕಾರಿ ತಂದುಬಿಡಿ ಎಂದಳು.

ನನ್ನ ಮಾತಿಗೆ ಆಧಾರವಿತ್ತು. ಪತ್ರಿಕೆಯ ವಾರದ ಪುರವಣಿಗೆ ಬರೆಯುವವನು ನಾನು. ಹೊರಗೆ ಓದಿ ಬಂದ ಹುಡುಗ ಹುಡುಗಿಯರನ್ನು ಮಾತಾಡಿಸಿ ಎಷ್ಟೋ ಪುಟ ತುಂಬಿಸಿದ್ದೇನೆ. ಅವರನ್ನು ಕಾಡಿದ್ದು ಚಳಿಯೂ ಅಲ್ಲ, ಪಾಠವೂ ಅಲ್ಲ. ಹಾಸ್ಟೆಲಿನ ಚಾವಣಿಗೆ ಅಂಟಿಕೊಂಡ, ಸಾಸರಿನಷ್ಟಗಲದ ಒಂದು ಬಿಳಿ ಡಬ್ಬಿ. ಹೊಗೆ ಕಂಡರೆ ಅದು ಕಿರುಚುತ್ತದೆ. ಅದು ಕಿರುಚಿದರೆ ಇಡೀ ಕಟ್ಟಡ ಬೀದಿಗೆ ಬರಬೇಕು. ಈರುಳ್ಳಿ ಸೀಯಿಸಿ ಹಾಸ್ಟೆಲಿಗೆ ಹಾಸ್ಟೆಲನ್ನೇ ಹಿಮದಲ್ಲಿ ನಿಲ್ಲಿಸಿದ ಹುಡುಗಿಯೊಬ್ಬಳು, ಓದು ಮುಗಿಯುವವರೆಗೂ ತಲೆ ತಗ್ಗಿಸಿಯೇ ಓಡಾಡಿದಳಂತೆ. ನನ್ನ ಮಗಳಿಗೆ ಆ ಗತಿ ಬರಬಾರದು. ಮನಸ್ಸಿಗೂ ಕೈಗೂ ಒಟ್ಟಿಗೇ ತಾಲೀಮು ಆಗಲಿ ಎಂದು ಅಂಥದೇ ಡಬ್ಬಿಯನ್ನು ಕೊಂಡು ತಂದು, ಅಡುಗೆಮನೆ ಬಾಗಿಲಿನ ಮುಂದೆ, ನಡುಮನೆಯ ಚಾವಣಿಗೆ ಹಾಕಿಸಿದೆ.

ನಿಯಮಗಳನ್ನೂ ನಾನೇ ಹೊರಡಿಸಿದೆ. ಡಬ್ಬಿ ಕೂಗಿದ ತಕ್ಷಣ ಒಲೆ ಆರಿಸಬೇಕು. ಏನನ್ನೂ ಕೈಗೆತ್ತಿಕೊಳ್ಳದೆ ಹೊರಗೆ ನಡೆಯಬೇಕು. ಎದುರಿನ ದರ್ಜಿ ಅಂಗಡಿಯ ಮುಂದೆ ನಿಲ್ಲಬೇಕು. ನಾನು ತಲೆ ಎಣಿಸುತ್ತೇನೆ.

ಮೊದಲ ದಿನ ಎಲ್ಲರೂ ನಗುತ್ತಾ ಹೋದರು. ಆಮೇಲೆ ನಗು ಹೋಯಿತು, ನಾವು ಮಾತ್ರ ಹೋಗುತ್ತಲೇ ಇದ್ದೆವು. ಬ್ರೆಡ್ಡು ಕಪ್ಪಾದರೆ ಹೋದೆವು. ಎಣ್ಣೆ ಕಾದರೆ ಹೋದೆವು. ಬಚ್ಚಲುಮನೆಯ ಹಬೆಗೂ ಡಬ್ಬಿ ಕೂಗಿದಾಗ, ಹೆಂಡತಿ ತಲೆಗೆ ಸುತ್ತಿದ ಟವೆಲಿನಲ್ಲೇ ಹೋದಳು. ಜೀವಮಾನವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ ದಣಿದು, ಈಗ ನಮ್ಮ ಜೊತೆ ಇರುವ ಅತ್ತೆ ತಮ್ಮ ಕುರ್ಚಿಯನ್ನು ಬಾಗಿಲ ಪಕ್ಕಕ್ಕೇ ಎಳೆದುಕೊಂಡರು. ಹೇಗೂ ಹೋಗುವುದೇ, ಒಳಗೆ ದೂರ ಬಂದು ಮಾಡುವುದೇನು ಎಂಬುದು ಅವರ ಲೆಕ್ಕ. ದರ್ಜಿ ನಮಗೆಂದೇ ಒಂದು ಬೆಂಚು ಹೊರಗೆ ಹಾಕಿದ. ಮಿಷಿನ್ ತುಳಿಯುತ್ತಲೇ, ಇವತ್ತೇನು ಸೀದಿದ್ದು ಎಂದು ವಿಚಾರಿಸುವುದು ಅವನಿಗೆ ರೂಢಿಯಾಯಿತು.

ಮಗಳು ಮಾತ್ರ ಎಣಿಕೆಗೆ ಬಂದು ನಿಂತು, ಎಣಿಕೆ ಮುಗಿದೊಡನೆ ಒಳಗೆ ಹೋಗುತ್ತಿದ್ದಳು. ಅವಳ ಚಿಂತೆಯೇ ಬೇರೆ. ವಿಶ್ವವಿದ್ಯಾಲಯ ಸೀಟು ಕೊಟ್ಟಿತ್ತು, ವಿದ್ಯಾರ್ಥಿವೇತನ ಕೊಟ್ಟಿರಲಿಲ್ಲ. ಅದು ಸಿಕ್ಕರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಅಲ್ಲಿನ ಮೂವರು ಪ್ರಾಧ್ಯಾಪಕರು ಕಂಪ್ಯೂಟರಿನಲ್ಲೇ ಸಂದರ್ಶನ ಮಾಡುವವರಿದ್ದರು.

ಆ ಒಂದು ದಿನದ ಮಟ್ಟಿಗಾದರೂ ಡಬ್ಬಿ ತೆಗೆಸಿ ಎಂದು ಹೆಂಡತಿ ಕೇಳಿಕೊಂಡಳು.

"ಅಲ್ಲಿ ಪರೀಕ್ಷೆ ಇದೆ ಅಂತ ತೆಗೀತಾರೇನೇ?" ಎಂದೆ.

"ಅಲ್ಲಿ ನೀವಿರಲ್ಲ ರೀ."

ಕೊನೆಗೆ ಒಪ್ಪಂದವಾಯಿತು. ಡಬ್ಬಿ ಇರುತ್ತದೆ, ಒಲೆ ಉರಿಯುವುದಿಲ್ಲ.

ಆ ದಿನ ಮಗಳು ಬೀದಿ ಕಡೆಯ ಕಿಟಕಿಯ ಬೆಳಕಿಗೆ, ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಹೆಂಡತಿ, ಅತ್ತೆ ಬಾಗಿಲ ಬಳಿ ಕುಳಿತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಮೊದಲ ಉತ್ತರದಲ್ಲೇ ಮಗಳ ಗಂಟಲು ಕಟ್ಟಿತು. ಬಿಸಿ ಹಾಲು ಕೊಟ್ಟರೆ ಸರಿಹೋಗುತ್ತದೆ ಎನಿಸಿತು. ಹಾಲು ಒಲೆಯ ಮೇಲಿಟ್ಟೆ. ಕಾಯುವವರೆಗೆ ಅಡುಗೆಮನೆ ಬಾಗಿಲಿನ ಪರದೆಯ ಹಿಂದೆ ನಿಂತು ಕಿವಿಗೊಟ್ಟೆ. ಕಸುಬಿನ ಚಟ, ಯಾರಾದರೂ ಪ್ರಶ್ನೆ ಕೇಳುತ್ತಿದ್ದರೆ ಆ ಪ್ರಶ್ನೆಗೆ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಮನೆಯವರನ್ನು ಬಿಟ್ಟು ಅಷ್ಟು ದೂರ ಒಬ್ಬಳೇ ಹೇಗಿರುತ್ತೀಯ ಎಂದು ಅವರಲ್ಲೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಕೇಳಲು ಇನ್ನಷ್ಟು ಮುಂದೆ ಬಾಗಿದೆ.

ಹಾಲು ಉಕ್ಕಿತು, ಸೀದಿತು. ಡಬ್ಬಿ ಕಿರುಚಿತು.

ಒಲೆ ಆರಿಸಿ ನಾನೂ ಕಾಲಿಗೆ ಬುದ್ಧಿ ಹೇಳಿದೆ. ಆಗಲೇ ಅತ್ತೆ ಬೀದಿ ದಾಟಿದ್ದರು, ಹಿಂದೆಯೇ ಹೆಂಡತಿ. ಈ ಸಲ ಬಾಗಿಲು ಗಾಳಿಗೆ ಮುಚ್ಚಿಕೊಂಡು ಲಾಕ್ ಆಯಿತು. ಬೀಗದ ಕೈ ಒಳಗೆ. ಏನನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ನನ್ನದೇ. ನಾನೊಬ್ಬ ಮಾತ್ರ ಅದನ್ನು ಮೀರಿ ಇಕ್ಕಳ ಹಿಡಿದು ಬಂದಿದ್ದೆ.

"ಒಬ್ಬರು ಕಡಿಮೆ ಇದ್ದೀರಲ್ಲ ಸ್ವಾಮಿ," ಎಂದ ದರ್ಜಿ.

ಕಿಟಕಿಯಲ್ಲಿ ನೋಡಿದರೆ ಮಗಳು ಕುಳಿತೇ ಇದ್ದಾಳೆ. ಗಾಜಿಗೆ ಇಕ್ಕಳದಿಂದ ಕುಟ್ಟಿ, ಹೊರಗೆ ಬಾ ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು, ಕಂಪ್ಯೂಟರಿನಲ್ಲಿದ್ದವರಿಗೆ ಏನೋ ಹೇಳಿದಳು, ಲ್ಯಾಪ್‌ಟಾಪನ್ನು ಎತ್ತಿ ನಿಧಾನವಾಗಿ ಕಿಟಕಿಗೆ ತಿರುಗಿಸಿದಳು. ಮೂವರು ಅಪರಿಚಿತ ಪ್ರಾಧ್ಯಾಪಕರು ನನ್ನನ್ನೇ ದಿಟ್ಟಿಸಿದರು. ಏನು ಮಾಡಬೇಕೆಂದು ತೋಚದೆ ಇಕ್ಕಳ ಎತ್ತಿ ನಮಸ್ಕರಿಸಿದೆ. ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಬೆಂಚಿನ ಮೇಲೆ ಕುಳಿತೇ, ಶಾಲೆಗೆ ತಪಾಸಣೆಗೆ ಬಂದವರಿಗೆ ಆಡಿಸುವಂತೆ ತಲೆಯಾಡಿಸಿದರು.

ಮಗಳು ಲ್ಯಾಪ್‌ಟಾಪ್ ಕೆಳಗಿಟ್ಟು, ಕುರ್ಚಿ ಹತ್ತಿ, ಡಬ್ಬಿಯನ್ನು ತಿರುಚಿ ಇಳಿಸಿ ಬ್ಯಾಟರಿ ಕಿತ್ತಳು. ಬೀದಿ ಸುಮ್ಮನಾಯಿತು. ಆಮೇಲೆ ಕಿಟಕಿಯ ಪರದೆ ಎಳೆದಳು.

ಬೆಂಚಿನ ಮೇಲೆ ನಾವು ಸಾಲಾಗಿ ಕುಳಿತೆವು. ಮಗಳ ಪ್ರಯಾಣವನ್ನು ಹಾಲಿನ ಪಾತ್ರೆಯಲ್ಲೇ ಸೀಯಿಸಿಬಿಟ್ಟೆನಲ್ಲ ಎನಿಸಿತು. ಹೆಂಡತಿ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ನನ್ನ ಕೈಯಿಂದ ಇಕ್ಕಳ ಕಿತ್ತು ಬೆಂಚಿನ ಕೆಳಗಿಟ್ಟಳು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮಗಳು ಹೊಸ್ತಿಲಲ್ಲಿ ನಿಂತಿದ್ದಳು.

"ಸಿಕ್ತು," ಎಂದಳು.

ಒಬ್ಬಳೇ ಹೇಗಿರುತ್ತೀಯ ಎಂಬ ಆ ಪ್ರಶ್ನೆಗೆ ಏನು ಉತ್ತರ ಕೊಟ್ಟೆ ಎಂದು ಕೇಳಿದೆ.

"ಹೆಚ್ಚೇನೂ ಹೇಳಲಿಲ್ಲಪ್ಪ, ನಿಮ್ಮನ್ನೆಲ್ಲ ತೋರಿಸಿದೆ. ಇವರ ಜೊತೆ ಇದ್ದೇ ಇಷ್ಟು ಓದಿದೀನಿ ಅಂದೆ. ಸಾಕು, ಬಾ ಅಂದ್ರು." ಹೊಸ್ತಿಲಿನಿಂದಲೇ ಸೇರಿಸಿದಳು. "ರಜೆಯಲ್ಲಿ ಮನೆಗೆ ಹೋಗಲೇಬೇಕು ಅಂತೇನಿಲ್ಲ, ಹಾಸ್ಟೆಲ್ ತೆರೆದೇ ಇರುತ್ತೆ ಅಂತಾನೂ ಹೇಳಿದ್ರು."

ಅತ್ತೆ ಬೆಂಚು ಬಿಟ್ಟೆದ್ದು, ಬೀದಿ ದಾಟಿ, ಮೊಮ್ಮಗಳ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಅಲ್ಲಿ ಸೇರೋಕೆ ವಯಸ್ಸಿನ ಮಿತಿ ಏನಾದ್ರೂ ಇದೆಯೇನಮ್ಮಾ?"