ಖಂಡೆಪ್ಪನ ಪೂರ್ವಾಭಿಮುಖ ಪಿಕ್‌ಅಪ್

ಖಂಡೆಪ್ಪನ ಪ್ರಕಾರ ಅವನ ಹಳೆಯ ಡೀಸೆಲ್ ಪಿಕ್‌ಅಪ್‌ನಲ್ಲಿ ದೋಷವೆಂಬುದೇ ಇರಲಿಲ್ಲ. ದೋಷವೆಲ್ಲ ಜಗತ್ತಿನಲ್ಲಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ಕುಂಯ್ ಕುಂಯ್ ಎಂದು ಗೋಳಾಡಿ ಸುಮ್ಮನಾಗುತ್ತಿತ್ತು, ಅದು ನಿಜ. ಆದರೆ ಅದಕ್ಕೆ ಬಂಕಿನವನ ನೀರು ಡೀಸೆಲ್ ಕಾರಣ, ಬ್ಯಾಟರಿ ಮಾರಿದವನ ಮೋಸ ಕಾರಣ, ಓಣಿಯವರ ಕೆಟ್ಟ ಕಣ್ಣು ಕಾರಣ. ಇವ್ಯಾವೂ ಸಾಲದಿದ್ದರೆ ಹೆಂಡತಿ ಸ್ವರೂಪಾ ಹೇಗೂ ಇದ್ದಳು.

ಅವನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಒಮ್ಮೆ ಹೊತ್ತಿಕೊಂಡಿತೆಂದರೆ ಗಾಡಿ ದಿನವಿಡೀ ಹುಲಿ. ಜಹೀರಾಬಾದಿನ ಬಜಾರಿನಲ್ಲಿ ನಿಲ್ಲಿಸಿ ಚಹಾ ಕುಡಿದು ಬಂದರೂ ಒಂದೇ ಕೀಲಿಗೆ ಏಳುತ್ತಿತ್ತು. ಅದರ ಮುನಿಸೆಲ್ಲ ಬೆಳಗಿನದು, ಅದೂ ಮನೆಯ ಮುಂದೆ, ಓಣಿಯ ಜನ ಹಲ್ಲುಜ್ಜುತ್ತ ನಿಂತು ನೋಡುವ ಹೊತ್ತಿಗೆ. (ಬೆಳಿಗ್ಗೆ ಏಳುವ ವಿಷಯದಲ್ಲಿ ತನ್ನ ಮಗನೂ ಅವನ ಗಾಡಿಯೂ ಒಂದೇ ಕಾರ್ಖಾನೆಯ ಮಾಲು ಎಂದು ತಾಯಿ ಭೀಮವ್ವ ಹೇಳುತ್ತಿದ್ದಳು. ಅವನನ್ನು ಎಬ್ಬಿಸಲು ಸ್ವರೂಪಾ ಕೂಗಬೇಕು, ಮತ್ತೆ ಕೂಗಬೇಕು, ಕೊನೆಗೆ ಹೆಗಲು ಹಿಡಿದು ನೂಕಬೇಕು.)

ಮೆಕ್ಯಾನಿಕ್ಕನ ಹತ್ತಿರ ಒಯ್ದರೆ ಅಲ್ಲಿ ಕೀಲಿ ಮುಟ್ಟುವುದೇ ತಡ, ಗಾಡಿ ಗುರ್ರೆನ್ನುತ್ತಿತ್ತು. "ಎಲ್ಲಾ ಠೀಕ್ ಅದಲ್ರಿ," ಎಂದು ಅವನು ಕೈ ಒರೆಸಿಕೊಳ್ಳುತ್ತಿದ್ದ. ಖಂಡೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನು ಬಿಡುವ ಆಸಾಮಿಯಲ್ಲ. ಹೊಸ ಬ್ಯಾಟರಿ ಬಂತು. ಸೆಲ್ಫ್ ಬಿಚ್ಚಿ ಕಟ್ಟಿದ್ದಾಯಿತು. ಚಳಿಯಲ್ಲಿ ಇಂಜಿನ್ನಿಗೆ ಬಿಸಿ ಕೊಡುವ ಹೀಟರ್ ಪ್ಲಗ್ಗುಗಳು ಬದಲಾದವು, ಡೀಸೆಲ್ ಫಿಲ್ಟರ್ ಬದಲಾಯಿತು, ಬಾನೆಟ್ಟಿಗೆ ಕಟ್ಟಿದ ನಿಂಬೆಹಣ್ಣು ಕೂಡ ಬದಲಾಯಿತು. ಮರುದಿನ ಬೆಳಿಗ್ಗೆ ಮತ್ತದೇ ಕುಂಯ್ ಕುಂಯ್.

ಈ ಗಾಡಿಯ ಮೇಲೆ ಸ್ವರೂಪಾಳ ಖಡಕ್ ರೊಟ್ಟಿಯ ವ್ಯಾಪಾರ ನಿಂತಿತ್ತು. ಪಸ್ತಾಪುರದ ಹೆಣ್ಣುಮಕ್ಕಳಿಂದ ಜೋಳ, ಸಜ್ಜೆ ತಂದು, ಬೀಸಿಸಿ, ರೊಟ್ಟಿ ಬಡಿದು, ಒಣಗಿಸಿ, ಕಟ್ಟು ಕಟ್ಟಿ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಮುಟ್ಟಿಸಬೇಕು. ಬಡಿಯುವವಳು ಅವಳು, ಮುಟ್ಟಿಸುವವನು ಅವನು. (ಎರಡರಲ್ಲಿ ಮುಟ್ಟಿಸುವ ಕೆಲಸವೇ ಕಠಿಣ ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ.)

ಇನ್ನು ವಾಸ್ತುವಿನ ವಿಷಯ. ಹೋದ ಮಳೆಗಾಲದಲ್ಲಿ ಖಂಡೆಪ್ಪ ಫೋನಿನಲ್ಲಿ ಯಾವುದೋ ಪಂಡಿತನ ಮಾತು ಕೇಳಿ, ಸಕಲ ಸೌಭಾಗ್ಯವೂ ಮೂಡಣ ದಿಕ್ಕಿನಿಂದಲೇ ಬರುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಆಗ ಮನೆಯೊಳಗೆ ಒಂದು ಮಹಾಕ್ರಾಂತಿಯೇ ನಡೆಯಿತು. ಕಪಾಟು ತಿರುಗಿತು. ಸ್ವರೂಪಾಳ ಒಲೆ ತಿರುಗಿತು. ಅಂದಿನಿಂದ ಹೊಗೆಯೆಲ್ಲ ಅವಳ ಮುಖಕ್ಕೇ ಬರತೊಡಗಿತು. ಖಂಡೆಪ್ಪನ ಮಂಚ ತಿರುಗಿತು. ಕೊನೆಗೆ ಮನೆಯ ಮಗ್ಗುಲಲ್ಲಿ ನಿಲ್ಲುವ ಪಿಕ್‌ಅಪ್ ಕೂಡ ಮುಖ ತಿರುಗಿಸಿ ಪೂರ್ವಾಭಿಮುಖವಾಯಿತು. ಆ ಜಾಗ ಪೂರ್ವಕ್ಕೆ ಏರು, ಪಶ್ಚಿಮಕ್ಕೆ ಇಳಿಜಾರು. ಗಾಡಿ ಮೂತಿ ಮೇಲೆತ್ತಿ, ಹಿಂದಿನ ಗಾಲಿಗೆ ಕಲ್ಲು ಕೊಡಿಸಿಕೊಂಡು ನಿಲ್ಲುತ್ತಿತ್ತು.

ಹೀಗಾಗಿ ದಿನಾ ಬೆಳಿಗ್ಗೆ ಅದನ್ನು ಏರಿಗೆ ನೂಕಬೇಕಾಗುತ್ತಿತ್ತು. ಪಕ್ಕದ ಮನೆಯ ಶಿವಾಜಿ ಒಂದು ದಿನ ಏದುಸಿರು ಬಿಡುತ್ತ ಕೇಳಿಯೇಬಿಟ್ಟ.

"ಕಾಕಾ, ಜರಾ ಗಾಡೀದ ಮಾರಿ ಇಳಿಜಾರಿಗಿ ತೆಳಗ ಮಾಡಿ ನಿಲ್ಲಸ್ರಿ. ನೂಕೋದರ ಹಗುರ ಆಗ್ತದ."

"ಮುಳುಗೋ ಸೂರ್ಯಾನ ಕಡಿ ಮಾರಿ ಮಾಡಿದ್ರ ಧಂದಾನೂ ಮುಳುಗ್ತದ," ಎಂದ ಖಂಡೆಪ್ಪ. "ನಿನಗ ನೂಕೋದಾಗಂಗಿಲ್ಲಂದ್ರ ಹೇಳು. ವಾಸ್ತು ಬಗ್ಗೆ ಮಾತಾಡಬ್ಯಾಡ."

ಸ್ವರೂಪಾಳ ತಾಳ್ಮೆ ನಾರಾಯಣಖೇಡದ ಒಂದು ಮದುವೆಯ ಹೊತ್ತಿಗೆ ಮುಗಿಯಿತು. ಊಟದ ಹೊತ್ತಿನೊಳಗೆ ರೊಟ್ಟಿ ಅಲ್ಲಿರಬೇಕು. ತಡವಾದರೆ ಆ ಮನೆತನದ ಮುಂದಿನ ಮದುವೆಗಳೂ ಕೈ ಬಿಟ್ಟಂತೆ.

"ಏನ್ರಿ, ತಾಂಡೂರಿಗೆ ಫೋನ್ ಹಚ್ಚಿದ್ದೆ," ಎಂದಳು. "ಭಾವ ಬರ್ತಾರ. ಆ ದಿನ ನಿಮ್ಮ ಗಾಡಿ ಯಾರೂ ನೂಕಲಾರ್ದ ಚಾಲೂ ಆದ್ರ ಇರ್ಲಿ. ಆಗಲಿಲ್ಲಂದ್ರ ರೊಟ್ಟಿ ಭಾವನ ಗಾಡ್ಯಾಗ ಹೋಗ್ತದ, ನಿಮ್ಮ ಗಾಡಿ ತಾಂಡೂರು ಗುಜರಿಗೆ ಹೋಗ್ತದ."

"ಮತ್ತ ನಾ?"

"ನೀವು ಭಾವನ ಬಾಜೂಕ ಕೂಡ್ರಿ. ರೊಟ್ಟಿ ಕಟ್ಟು ಹಿಡ್ಕೊಂಡು."

ಗಂಡಸಿನ ಎದೆಗೆ ನೇರವಾಗಿ ತಾಗುವ ಮಾತು ಇದು. ಭಾವ ಎಂದರೆ ಸ್ವರೂಪಾಳ ಅಕ್ಕನ ಗಂಡ ಆತ್ಮಾರಾಮ, ಅರ್ಥಾತ್ ಖಂಡೆಪ್ಪನ ಷಡ್ಡಕ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ, ಹೊಸ ಬಿಳಿ ಪಿಕ್‌ಅಪ್, ಅದರ ಸೀಟಿಗೆ ಇನ್ನೂ ಬಿಚ್ಚದ ಪ್ಲಾಸ್ಟಿಕ್ಕು. ಶತ್ರುವಿನ ಮನೆಯಲ್ಲಿ ಉಂಡೇನು, ಷಡ್ಡಕನ ಗಾಡಿಯಲ್ಲಿ ಕೂತೇನೇ ಎಂದು ಖಂಡೆಪ್ಪ ಒಳಗೊಳಗೇ ಕುದಿದ. ಸಿಟ್ಟಿನ ಅಡಿಯಲ್ಲಿ ನೋವೂ ಇತ್ತು. ಮದುವೆಯಾದ ಮೇಲೆ ಸ್ವರೂಪಾಳನ್ನು ತವರಿನಿಂದ ಕರೆತಂದದ್ದು ಇದೇ ಗಾಡಿಯಲ್ಲಿ. ಅವ್ವನ ಕಾಲು ಮುರಿದಾಗ ದವಾಖಾನೆಗೆ ಓಡಿದ್ದೂ ಇದೇ. ಅದನ್ನು ತೂಕಕ್ಕೆ ಹಾಕಿ ಮಾರುವುದೇ?

ಆತ್ಮಾರಾಮ ಹಿಂದಿನ ದಿನ ಸಂಜೆಯೇ ಬಂದ. ಬಂದವನು ಮಾಡಿದ್ದೇನು? ಸೀದಾ ಹೋಗಿ ಖಂಡೆಪ್ಪನ ಪವಿತ್ರ ಏರಿನ ಮೇಲೆ ತನ್ನ ಹೊಸ ಗಾಡಿಯನ್ನು ನಿಲ್ಲಿಸಿದ. ಮನೆಗೆ ಬಂದ ನೆಂಟನಿಗೆ ಗಾಡಿ ತೆಗೆ ಎನ್ನಲಾಗುತ್ತದೆಯೇ? ಪಸ್ತಾಪುರದಿಂದ ಸಜ್ಜೆ ಹೇರಿಕೊಂಡು ಬಂದ ಖಂಡೆಪ್ಪನಿಗೆ ಉಳಿದದ್ದು ಗೇಟಿನ ಪಕ್ಕದ ಇಳಿಜಾರಿನ ತುಂಡು ಮಾತ್ರ. ಅಲ್ಲಿ ಗಾಡಿ ಪಶ್ಚಿಮಕ್ಕೆ ಮೂತಿ ತಗ್ಗಿಸಿಯೇ ನಿಲ್ಲಬೇಕು. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ಕ್ಷಮೆ ಕೇಳಿ, ಷಡ್ಡಕನ ವಂಶವನ್ನು ಮನಸ್ಸಿನಲ್ಲೇ ಬೈದು ಒಳಗೆ ಹೋದ.

ಬೆಳಗಾಯಿತು. ಓಣಿ ತನ್ನ ಜಾಗಕ್ಕೆ ಬಂದು ನಿಂತಿತು. ಶಿವಾಜಿ ತೋಳು ಮಡಚಿಕೊಂಡ. ಭೀಮವ್ವ ಕರ್ಪೂರ ಹಚ್ಚಿದಳು. ಆತ್ಮಾರಾಮ ಚಹಾದ ಲೋಟ ಹಿಡಿದು, ತೀರಿಹೋದವರ ಮನೆಗೆ ಬಂದವನ ಹಾಗೆ ಗಂಭೀರವಾಗಿ ನಿಂತ. ಖಂಡೆಪ್ಪ ಕಣ್ಣು ಮುಚ್ಚಿ ಕೀಲಿ ತಿರುಗಿಸಿದ.

ಗುರ್ರ್.

ಒಂದೇ ಸಲಕ್ಕೆ. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ಖಂಡೆಪ್ಪನೇ, ಆದರೆ ಅದನ್ನು ತೋರಿಸಿಕೊಳ್ಳಲು ಅವನೇನು ಹುಚ್ಚನೇ?

"ನಿನ್ನಿ ಸಂಜೀಕ ಒಂದ್ ನಟ್ ಬಿಗಿ ಮಾಡಿದ್ದೆ," ಎಂದ ಗಂಟಲು ಸರಿಮಾಡಿಕೊಂಡು. "ಗಾಡಿ ತಿಳ್ಕೋಬೇಕು ಅಣ್ಣಾರ. ಪ್ಲಾಸ್ಟಿಕ್ ಹೊದಸಿದ್ರ ಗಾಡಿ ಬರಂಗಿಲ್ಲ."

ಯಾವ ನಟ್ ಎಂದು ಆತ್ಮಾರಾಮ ಕೇಳಿದ. ಅದು ಒಳಗಿನ ನಟ್, ಹೇಳಿದರೆ ತಿಳಿಯುವುದಿಲ್ಲ ಎಂದ ಖಂಡೆಪ್ಪ. ನಾರಾಯಣಖೇಡದವರೆಗೂ ಷಡ್ಡಕನನ್ನು ತನ್ನ ಬಾಜೂಕ ಕೂಡಿಸಿಕೊಂಡು, ರೊಟ್ಟಿಯ ಕಟ್ಟೊಂದನ್ನು ಅವನ ತೊಡೆಯ ಮೇಲಿಟ್ಟು, ಡೀಸೆಲ್ ಇಂಜಿನ್ನಿನ ಹುಟ್ಟು, ಸ್ಥಿತಿ, ಲಯಗಳ ಬಗ್ಗೆ ಪ್ರವಚನ ಮಾಡಿದ. ರೊಟ್ಟಿ ಹೊತ್ತಿಗೆ ಮುಂಚೆಯೇ ಮುಟ್ಟಿತು. ಇಷ್ಟೆಲ್ಲ ಆದರೂ ಸ್ವರೂಪಾ ಒಂದು ಮೆಚ್ಚುಗೆಯ ಮಾತಾಡಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು. ಅವಳು ಮನೆಯಲ್ಲಿ ಆ ಏರನ್ನೂ ಇಳಿಜಾರನ್ನೂ ನೋಡುತ್ತ ಉಳಿದಿದ್ದಳು.

ಹೋಳಿಗೆ ಮಾಡುತ್ತೇನೆ ಎಂದು ಭೀಮವ್ವ ಆತ್ಮಾರಾಮನನ್ನು ಅಂದೂ ಉಳಿಸಿಕೊಂಡಳು. ಅವನ ಗಾಡಿಯನ್ನು ಸ್ವರೂಪಾ ಅವನ ಕೈಯಲ್ಲೇ ರಸ್ತೆಗೆ ತೆಗೆಸಿದಳು. ಏರು ಖಾಲಿಯಿತ್ತು. ಗೆದ್ದ ಖಂಡೆಪ್ಪ ಗಾಡಿಯನ್ನು ಮತ್ತೆ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಧನ್ಯನಾಗಿ ಮಲಗಿದ.

ಮರುದಿನ ಷಡ್ಡಕ ಹೊರಡುವ ಹೊತ್ತಿಗೆ ಓಣಿಯವರನ್ನು ಖಂಡೆಪ್ಪನೇ ಕೂಗಿ ಕರೆದ. ನಿನ್ನೆ ಸರಿಯಾಗಿ ನೋಡದವರು ಇವತ್ತು ನೋಡಲಿ ಎಂಬ ಉದಾರ ಬುದ್ಧಿ. ಶಿವಾಜಿಗೆ ನೀ ದೂರ ನಿಲ್ಲು ಎಂದು ಬೇರೆ ಹೇಳಿದ. ಕೀಲಿ ತಿರುಗಿಸಿದ.

ಕುಂಯ್ ಕುಂಯ್.

ಮತ್ತೊಮ್ಮೆ ತಿರುಗಿಸಿದ. ಇನ್ನೂ ಮುದ್ದಾಗಿ ಕುಂಯ್ ಕುಂಯ್. "ಯಾರೋ ನಟ್ ಸಡಿಲ ಮಾಡ್ಯಾರ," ಎಂದು ಖಂಡೆಪ್ಪ ಗುಡುಗಿ ಆತ್ಮಾರಾಮನ ಕಡೆ ನೋಡಿದ.

"ಕೀಲಿ ತೆಗೀರಿ," ಎಂದಳು ಸ್ವರೂಪಾ. "ನಮ್ಮ ಬಾವಿ ಮೋಟರ್ ಹೋದ ವರ್ಷ ಏನಾಗಿತ್ತು?"

"ಈಗ್ಯಾಕ ಬಾವಿ ಮಾತು?"

"ಹೇಳ್ರಿ."

"ಫುಟ್‌ವಾಲ್ ಲೀಕ್ ಆಗಿತ್ತು. ಪೈಪಿನಾಗಿನ ನೀರು ತೆಳಗ ಬೀಳ್ತಿತ್ತು. ಮೋಟರ್ ತಿರಗ್ತಿತ್ತು, ನೀರು ಬರ್ತಿದ್ದಿಲ್ಲ."

"ಹಾಂ. ಗಾಡೀದ ಮಾರಿ ಮ್ಯಾಲ ಮಾಡಿದ್ರ ಇಂಜಿನ್ ಮ್ಯಾಲ ಹೋಗ್ತದ, ಡೀಸೆಲ್ ಟಾಕಿ ತೆಳಗ ಉಳೀತದ. ಪೈಪಿನಾಗ ಎಲ್ಲೋ ಗಾಳಿ ಸೇರ್ಲತ್ತದ, ರಾತ್ರೆಲ್ಲ ಡೀಸೆಲ್ ಹಿಂದಕ ಟಾಕಿಗಿ ಹೋಗ್ಲತ್ತದ. ಮೊನ್ನಿ ಮಾರಿ ತೆಳಗಿತ್ತು, ಡೀಸೆಲ್ ಅಲ್ಲೇ ನಿಂತಿತ್ತು. ಭಾವ, ಜರಾ ಟಾಕಿ ಪೈಪ್ ನೋಡ್ರಿ."

ಆತ್ಮಾರಾಮ ಗಾಡಿಯ ಕೆಳಗೆ ತೂರಿ ರಬ್ಬರ್ ಪೈಪನ್ನು ಬೆರಳಿನಿಂದ ಸವರುತ್ತ ಹೋದ. ಒಂದು ಕಡೆ ಉಗುರಿನಷ್ಟು ಸೀಳು, ಸುತ್ತ ಡೀಸೆಲ್ಲಿನ ಪಸೆ. ಅವನು ಹೊರಬಂದು, ಬಾನೆಟ್ ಎತ್ತಿ, ಫಿಲ್ಟರಿನ ಮೇಲಿನ ಪುಟ್ಟ ಕೈಪಂಪು ಒತ್ತಿ ಒತ್ತಿ ಡೀಸೆಲ್ ಏರಿಸಿದ. ಕೀಲಿ ತಿರುಗಿಸಿದವಳು ಸ್ವರೂಪಾ. ಗಾಡಿ ಗುರ್ರೆಂದಿತು.

ಈಗ ಓಣಿ ಗಾಡಿಯನ್ನು ನೋಡುವುದು ಬಿಟ್ಟು ಖಂಡೆಪ್ಪನನ್ನು ನೋಡತೊಡಗಿತು. ಇಷ್ಟು ದಿನ ಏರಿಗೆ ನೂಕಿದ ಶಿವಾಜಿಯ ನೋಟವಂತೂ ಬೇಡವೇ ಬೇಡ.

"ವಾಸ್ತು ಪ್ರಕಾರ..." ಎಂದ ಖಂಡೆಪ್ಪ.

"ಖಂಡ್ಯಾ, ಸುಮ್ಕಿರೋ," ಎಂದಳು ಭೀಮವ್ವ. "ನಿನ್ನ ಗಾಡಿ ಯಾ ಕಡಿ ನಿಂತದಂತ ನೋಡ್ಕೋತ ಕೂಡ್ಲಾಕ ಸೂರ್ಯಾಗ ಬ್ಯಾರೆ ಕೆಲಸಿಲ್ಲೇನು?"

ಹೊಸ ಪೈಪು ಹಾಕಿದ್ದಾಯಿತು. ಇನ್ನು ಗಾಡಿ ಯಾವ ದಿಕ್ಕಿಗೆ ನಿಂತರೂ ಏಳುತ್ತದೆ ಎಂದು ಖಂಡೆಪ್ಪ ವಾದಿಸಿ ನೋಡಿದ. ಸ್ವರೂಪಾ ಕೇಳಲಿಲ್ಲ. ಗುಜರಿಯ ಮಾತು ರದ್ದಾಯಿತು, ಅದರ ಜೊತೆ ಮೂಡಣವೂ ರದ್ದಾಯಿತು. ಅವಳು ಅಂದೇ ಒಲೆ ತಿರುಗಿಸಿಕೊಂಡಳು, ಕಪಾಟು ತಿರುಗಿಸಿದಳು. ಕೊನೆಗೆ ಆತ್ಮಾರಾಮ ಒಂದು ಕಡೆ, ಶಿವಾಜಿ ಒಂದು ಕಡೆ ಹಿಡಿದು ಖಂಡೆಪ್ಪನ ಮಂಚವನ್ನೂ ಎತ್ತಿದರು.

"ಅದನ್ಯಾಕ?" ಎಂದು ಅವನು ಅಡ್ಡ ನಿಂತ. "ಮಂಚಕ್ಕ ಡೀಸೆಲ್ ಅದ ಏನು?"

"ಇದರ ಮ್ಯಾಲಿಂದೂ ಮುಂಜಾನಿ ನೂಕಲಾರ್ದ ಏಳವಲ್ದು," ಎಂದಳು ಸ್ವರೂಪಾ. "ತಿರಗ್ಸಿ ನೋಡೂಣು."

ಇದು ಶುದ್ಧ ಮೂಢನಂಬಿಕೆ, ಓದು ಬರಹ ಬಲ್ಲ ಮನೆಯಲ್ಲಿ ಇಂಥದ್ದು ನಡೆಯಬಾರದು ಎಂದು ಖಂಡೆಪ್ಪ ಮಲಗುವವರೆಗೂ ಕೂಗಾಡಿದ. ನಾಳೆ ಸೂರ್ಯ ನೆತ್ತಿಗೆ ಬಂದರೂ ಏಳುವುದಿಲ್ಲ ಎಂದು ಶಪಥವನ್ನೂ ಮಾಡಿದ.

ಮರುದಿನ ಬೆಳಿಗ್ಗೆ ಸ್ವರೂಪಾ ಬಾಗಿಲಲ್ಲಿ ನಿಂತು ಒಂದೇ ಸಲ ಕೂಗಿದಳು. ಹಾಳಾದ ಕಣ್ಣು ತಾನಾಗಿಯೇ ತೆರೆದುಕೊಂಡಿತು. ಮತ್ತೆ ಮುಚ್ಚಿಕೊಳ್ಳೋಣ ಎನ್ನುವಷ್ಟರಲ್ಲಿ ಅವನು ಎದ್ದು ಕೂತಾಗಿತ್ತು, ಅವಳು ನೋಡಿಯೂ ಆಗಿತ್ತು.