ಅತ್ತಿಗೆ ಕಟ್ಟಿದ ಟರ್ಕಿ ಉಂಡೆ

ಅತ್ತಿಗೆ ಗಂಡಸು ಎಂಬ ಸಂಗತಿ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ಅತ್ತಿಗೆ. ಇನ್ನೊಬ್ಬರು ಅತ್ತಿಗೆಯ ಹೆಂಡತಿ.

ಅವನು ಒಂದು ವಾರಪತ್ರಿಕೆಯಲ್ಲಿ ಹಂಗಾಮಿ ಉಪಸಂಪಾದಕ. ಮದುವೆಗೆ ಮುಂಚೆ ಹಂಗಾಮಿಯಾಗಿ ಸೇರಿದವನು ತಲೆ ನರೆಯುವ ಕಾಲಕ್ಕೂ ಹಂಗಾಮಿಯಾಗಿಯೇ ಉಳಿದಿದ್ದ. ಅಡುಗೆ ಪುಟ ಬರೆಯುತ್ತಿದ್ದ ಹೆಂಗಸು ಹೇಳದೆ ಕೇಳದೆ ಬಿಟ್ಟುಹೋದಾಗ, ಪುಟ ಖಾಲಿ ಹೋಗಬಾರದೆಂದು ಅವನೇ ಒಂದು ವಿದೇಶಿ ಪತ್ರಿಕೆಯಿಂದ ಯಾವುದೋ ಅಡುಗೆ ಎತ್ತಿಕೊಂಡು, ಮೇಲೆ ‘ಅತ್ತಿಗೆಯ ಒಲೆ’ ಎಂದು ಹೆಸರು ಹಾಕಿ ಬರೆದುಬಿಟ್ಟ. ಓದುಗರನ್ನು ‘ನಾದಿನಿಯರೇ’ ಎಂದು ಕರೆದ. ಸ್ವಲ್ಪ ಗದರಿಸಿದ, ಸ್ವಲ್ಪ ಮುದ್ದು ಮಾಡಿದ. ಹಾಲು ಕಾಯಿಸಿದರೂ ಉಕ್ಕಿಸುವವನ ಮಾತಿಗೆ ಊರಿನ ಒಲೆಗಳೆಲ್ಲ ತಲೆಬಾಗಿದವು. ಮೂಲದಲ್ಲಿ ಅರ್ಥವಾಗದ ಜಾಗ ಬಂದಾಗಲೆಲ್ಲ ಅವನು ‘ಹದ ಬರುವವರೆಗೆ’ ಎಂದು ಬರೆದು ಮುಂದೆ ಹೋಗುತ್ತಿದ್ದ. ಹದ ಎಂದರೇನೆಂದು ಯಾರೂ ಪತ್ರ ಬರೆದು ಕೇಳಲಿಲ್ಲ. ಕೇಳಿದರೆ ತಮಗೇ ಅಡುಗೆ ಬಾರದೆಂದು ಬಯಲಾಗುತ್ತದಲ್ಲ.

ಪತ್ರಿಕೆಯ ಮಾಲೀಕರು ಹೆಂಡತಿಯನ್ನು ಕಳೆದುಕೊಂಡು ಹೋಟೆಲಿನಲ್ಲಿ ಉಣ್ಣುತ್ತಿದ್ದವರು. ಅಚ್ಚಿಗೆ ಹೋಗುವ ಮುಂಚೆ ಅವರು ಓದುತ್ತಿದ್ದದ್ದು ಒಂದೇ ಪುಟ. ಅತ್ತಿಗೆ ಯಾರು ಎಂದು ಕೇಳಿದಾಗಲೆಲ್ಲ ಉಪಸಂಪಾದಕ, ತನಗೆ ಗೊತ್ತಿರುವ ಹೆಂಗಸು, ನಾಚಿಕೆ ಸ್ವಭಾವ, ಹೆಸರು ಹೇಳಬೇಡಿ ಅಂದಿದ್ದಾರೆ ಎಂದು ಜಾರಿಕೊಳ್ಳುತ್ತಿದ್ದ. ಹೀಗಿರುವಾಗ ಆಫೀಸಿನಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಅವನು ಅರ್ಜಿ ಹಿಡಿದು ಒಳಗೆ ಹೋದರೆ, ಮಾಲೀಕರು ಅದನ್ನು ಓದದೆ ಪಕ್ಕಕ್ಕಿಟ್ಟು, ಆ ಹುದ್ದೆ ಅತ್ತಿಗೆಗೆ ಮೀಸಲು ಎಂದರು.

ಉಪಸಂಪಾದಕ ತನ್ನ ಅನ್ನಕ್ಕೆ ತಾನೇ ಅಡ್ಡ ಬಂದಿದ್ದ. ಅಲ್ಲಿಯೇ ‘ಅದು ನಾನೇ’ ಎನ್ನಬಹುದಿತ್ತು. ಆದರೆ ಬಾಗಿಲಾಚೆ ಸಹೋದ್ಯೋಗಿಗಳೆಲ್ಲ ಕಿವಿಯಾಗಿ ಕುಳಿತಿದ್ದರು. ಅವರ ಬಾಯಿಗೆ ಬಿದ್ದರೆ ನಿವೃತ್ತಿಯವರೆಗೂ ಅವನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗಾಗಿ, ಭಾನುವಾರ ಮಧ್ಯಾಹ್ನ ತನ್ನ ಮನೆಗೆ ಊಟಕ್ಕೆ ಬಂದರೆ ಈ ವಾರದ ಅಡುಗೆಯನ್ನು ಅತ್ತಿಗೆ ಸ್ವತಃ ಕೈಯಾರೆ ಮಾಡಿ ಬಡಿಸುತ್ತಾರೆ ಎಂದು ಆಹ್ವಾನ ಕೊಟ್ಟು ಬಂದ. ಮೊದಲು ಉಣ್ಣಿಸುವುದು, ಆಮೇಲೆ ಗುಟ್ಟು ಹೇಳುವುದು. ಹೊಟ್ಟೆ ತುಂಬಿದ ಮನುಷ್ಯ ಏನನ್ನಾದರೂ ಒಪ್ಪುತ್ತಾನೆ ಎಂಬುದು ಅವನ ಲೆಕ್ಕ.

ಈ ವಾರದ ಅಡುಗೆ ಗ್ರೀಕ್ ಶೈಲಿಯ ಟರ್ಕಿ ಕೋಳಿಯ ಉಂಡೆ, ಜೊತೆಗೆ ಮೊಸರು ಸೌತೆಕಾಯಿಯ ಸಾಸು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಬೆಳಿಗ್ಗೆ, ಅವಳೇ ಮಾಡಿಕೊಡಲಿ ಎಂದು ಅವನು ನಯವಾಗಿ ಕೇಳಿ ನೋಡಿದ. ಅವಳು ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು. ಅದಕ್ಕಿಂತ ಹೆಚ್ಚಾಗಿ, ಅಕ್ಕಪಕ್ಕದವರು ಅವಳ ಅಡುಗೆ ಉಂಡು, ನೀವೂ ಒಂದ್ಸಲ ಅತ್ತಿಗೆ ಪುಟ ಓದಿ ನೋಡಿ ಎಂದು ಉಪದೇಶ ಮಾಡಿದ್ದನ್ನು ವರ್ಷಗಟ್ಟಲೆ ನುಂಗಿಕೊಂಡಿದ್ದಳು.

“ಬರೆದೋರೇ ಮಾಡಲಿ. ನಾನು ಮಲಗ್ತೀನಿ,” ಎಂದು ಬಾಗಿಲು ಹಾಕಿಕೊಂಡಳು.

ಮಾಂಸದಂಗಡಿಯ ಮುಂದೆ ಬೀದಿಯ ತಿರುವಿನವರೆಗೂ ಸಾಲು ನಿಂತಿತ್ತು. ಅರ್ಧಕ್ಕರ್ಧ ಜನರ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಅದೇ ಪುಟ. ಉಪಸಂಪಾದಕನ ಸರದಿ ಬರುವ ಹೊತ್ತಿಗೆ ಟರ್ಕಿಯ ಎದೆಮಾಂಸ ಮುಗಿದು ತೊಡೆ ಮಾತ್ರ ಉಳಿದಿತ್ತು. ಕಟುಕ ಅದನ್ನು ಕೈಮಾ ಮಾಡುತ್ತ, ಅತ್ತಿಗೆ ಅನ್ನೋಳು ಯಾವಳೋ ಇದ್ದಾಳಂತೆ, ಅವಳಿಂದ ಬೆಳಗಿನಿಂದ ಒಂದು ಲೋಟ ನೀರು ಕುಡಿಯೋಕೂ ಪುರುಸೊತ್ತಿಲ್ಲ, ಎದುರಿಗೆ ಸಿಕ್ಕಲಿ, ವಿಚಾರಿಸಿಕೊಳ್ತೀನಿ ಎಂದ. ಉಪಸಂಪಾದಕನಿಗೆ ಒಳಗೊಳಗೇ ಹೆಮ್ಮೆ ಉಕ್ಕಿ ಬಂತು. ಕಟುಕನ ಕೈಯಲ್ಲಿ ಕತ್ತಿ ಇದ್ದುದರಿಂದ ಹೆಮ್ಮೆಯನ್ನು ಅಲ್ಲಿಗೇ ಬಿಟ್ಟು ಮನೆಗೆ ಬಂದ.

ಪುಟವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಶುರು ಮಾಡಿದ. ಕೈಮಾಗೆ ಈರುಳ್ಳಿ, ಬೆಳ್ಳುಳ್ಳಿ, ಪುದೀನ, ಉಪ್ಪು, ಒಂದು ಹಿಡಿ ಬ್ರೆಡ್ ಪುಡಿ ಹಾಕಿ ‘ಹದ ಬರುವವರೆಗೆ ಕಲೆಸಿ’ ಎಂದಿತ್ತು. ಅವನು ಕಲೆಸಿದ. ಬಟ್ಟಲಿನೊಳಗೆ ಬಗ್ಗಿ ನೋಡಿದ. ಮತ್ತೆ ಕಲೆಸಿದ. ಹದ ಬಂದರೆ ಹೇಗಿರುತ್ತದೆ, ಬಂದದ್ದು ಗೊತ್ತಾಗುವುದು ಹೇಗೆ, ಬಂದು ಹೋಗಿಬಿಟ್ಟಿದ್ದರೆ ಏನು ಗತಿ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಯೋಚನೆ ಹತ್ತಿತು.

ಅಷ್ಟರಲ್ಲಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ವಾಸನೆ ಹಿಡಿದು ಇಳಿದು ಬಂದರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದ ಅವರು ಈಗ ಅತ್ತಿಗೆಯ ಪರಮ ಭಕ್ತರು. ಒಳ್ಳೆಯ ಅಡುಗೆ ಎಂದರೆ ಅವರಿಗೆ ಒಳ್ಳೆಯ ಕವಾಯತಿನ ಹಾಗೆ, ಹೇಳಿದ್ದನ್ನು ಹೇಳಿದಂತೆ ಮಾಡಬೇಕು. ತಮ್ಮ ಪ್ರತಿಯನ್ನು ಜೇಬಿನಿಂದ ತೆಗೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಅವನ ಹಿಂದೆಯೇ ನಿಂತುಬಿಟ್ಟರು.

ಮೊದಲ ಉಂಡೆ ಬಾಣಲೆಗೆ ಬಿದ್ದ ಕೂಡಲೇ ಬಿಚ್ಚಿಕೊಂಡಿತು. ಎರಡನೆಯದೂ ಹಾಗೆಯೇ. ಒಂದಷ್ಟು ಹೊತ್ತಿನಲ್ಲಿ ಬಾಣಲೆಯಲ್ಲಿ ಉಂಡೆ ಎಂದು ಕರೆಯಬಹುದಾದದ್ದು ಏನೂ ಇರಲಿಲ್ಲ. ಆಗ ಅವನಿಗೆ ನೆನಪಾಯಿತು. ಮೂಲದಲ್ಲಿ ಮೊಟ್ಟೆ ಇತ್ತು. ಕೊನೆ ಗಳಿಗೆಯಲ್ಲಿ ಒಂದು ಕೂದಲೆಣ್ಣೆಯ ಜಾಹೀರಾತು ಬಂದು, ಜಾಗ ಸಾಲದೆ, ಮೊಟ್ಟೆಯ ಸಾಲನ್ನು ಅವನೇ ಹೊಡೆದುಹಾಕಿದ್ದ. ಅದರ ಜೊತೆಗೆ ಸೌತೆಕಾಯಿಯ ಒಂದು ಸಾಲೂ ಹೋಗಿತ್ತು. ಅದರಲ್ಲಿ ಏನಿತ್ತೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಇತ್ತ ಮೊಸರಿಗೆ ತುರಿದು ಹಾಕಿದ್ದ ಸೌತೆಕಾಯಿ ನೀರು ಬಿಟ್ಟು, ಸಾಸು ಬಟ್ಟಲಿನಲ್ಲಿ ಕೊಳದ ಹಾಗೆ ನಿಂತಿತ್ತು.

ಅವನು ಮೊಟ್ಟೆ ಒಡೆಯಲು ಹೋದ. ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ಪುಟದಲ್ಲಿ ಮೊಟ್ಟೆ ಇರಲಿಲ್ಲ.

“ಅತ್ತಿಗೆ ಹೇಳದೆ ಇರೋದನ್ನ ಹಾಕೋಕೆ ನೀವ್ಯಾರ್ರೀ?”

“ಮೇಷ್ಟ್ರೇ, ನಾನೇ ಅತ್ತಿಗೆ,” ಎಂದ ಉಪಸಂಪಾದಕ. ತಡೆದುಕೊಳ್ಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮೇಷ್ಟ್ರು ಅವನನ್ನು ಕನಿಕರದಿಂದ ನೋಡಿ, ಒಲೆಯ ಬಿಸಿ ಒಗ್ಗದವರಿಗೆ ಹೀಗಾಗುವುದುಂಟು ಎಂದು ಸ್ಟೂಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟರು. ಆ ಗಡಿಬಿಡಿಯಲ್ಲಿ ಬಾಣಲೆಯಲ್ಲಿದ್ದದ್ದು ಸೀದು ಹೊಗೆ ಎದ್ದಿತು.

ಹೊಗೆ ಎದುರುಮನೆಗೆ ಹೋಯಿತು. ಎದುರುಮನೆಯಿಂದ ಚೆಕಿಂಗ್ ಅಮ್ಮ ಬಂದರು.

ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದೆ ಹತ್ತಿದವರ ಹಾಗೆ ನೋಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಬಾಣಲೆಯನ್ನು ನೋಡಿದರು, ಬಟ್ಟಲನ್ನು ನೋಡಿದರು, ಇಬ್ಬರು ಗಂಡಸರನ್ನೂ ನೋಡಿದರು. ಯಾರ ಬಳಿಯೂ ಟಿಕೆಟ್ ಇಲ್ಲವೆಂದು ಅವರಿಗೆ ಖಾತ್ರಿಯಾಯಿತು. ಸೀದದ್ದನ್ನು ಕಸದ ಬುಟ್ಟಿಗೆ ಸುರಿದು, ಉಳಿದ ಕೈಮಾಗೆ ಮೊಟ್ಟೆ ಒಡೆದು, ಹಾಲಿನಲ್ಲಿ ನೆನೆಸಿದ ಬ್ರೆಡ್ ಹಿಚುಕಿ, ಮೆಲ್ಲಗೆ ಕಲೆಸಿ ಫ್ರಿಜ್ಜಿಗೆ ಇಟ್ಟರು. ಹೊಸ ಸೌತೆಕಾಯಿ ತುರಿದು ಉಪ್ಪು ಬೆರೆಸಿ ಬಿಟ್ಟರು. ಆಮೇಲೆ ಅದನ್ನು ಹಿಂಡಲು ತೆಳು ಬಟ್ಟೆ ಬೇಕೆಂದು, ಉಪಸಂಪಾದಕ ಮಾಲೀಕರೆದುರು ಹಾಕಿಕೊಳ್ಳಲು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯನ್ನು ಎತ್ತಿಕೊಂಡರು. ಮೇಷ್ಟ್ರು ಹಿಂದಿನಿಂದ, ಪುಟದಲ್ಲಿ ಹಿಂಡಲು ಹೇಳಿಲ್ಲ, ಪುಟದಲ್ಲಿ ಹಿಂಡಲು ಹೇಳಿಲ್ಲ ಎನ್ನುತ್ತಲೇ ಇದ್ದರು.

“ಹಾಗಾದ್ರೆ ಪುಟದಲ್ಲಿ ಬಂದಿರೋದೇ ತಪ್ಪು,” ಎಂದು ಚೆಕಿಂಗ್ ಅಮ್ಮ ಅಂಗಿಯನ್ನು ಬಲವಾಗಿ ತಿರುಚಿದರು. “ಬೇಕಾದ್ರೆ ಆ ಅತ್ತಿಗೆ ಮುಂದೇನೇ ಹೇಳ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ಯಾರೋ ತೃಪ್ತಿಯಿಂದ ಉಸಿರು ಬಿಟ್ಟ ಸದ್ದಾಯಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದ ಮಾಲೀಕರು ಕೈಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದರು. ಬನಿಯನ್ನಿನಲ್ಲಿದ್ದ ಉಪಸಂಪಾದಕನನ್ನು ಅವರು ನೋಡಲೇ ಇಲ್ಲ. ನೇರವಾಗಿ ಚೆಕಿಂಗ್ ಅಮ್ಮನ ಕಡೆಗೆ ನಡೆದು, ತಲೆಬಾಗಿ, ಹೂವನ್ನು ಅವರ ಒದ್ದೆ ಕೈಗೆ ಕೊಟ್ಟರು. ಹೂವನ್ನು ಎಲ್ಲಿಡುವುದೆಂದು ತಿಳಿಯದೆ ಚೆಕಿಂಗ್ ಅಮ್ಮ ಕೊಳದಂತಿದ್ದ ಹಳೆಯ ಸಾಸಿನಲ್ಲಿ ಸಿಕ್ಕಿಸಿದರು.

ಊಟ ಅದ್ಭುತವಾಗಿತ್ತು ಎಂದು ಹೇಳಲೇಬೇಕು. ಹೊರಗೆ ಕೆಂಪಗೆ, ಒಳಗೆ ಮೆತ್ತಗೆ ಬೆಂದ ಉಂಡೆ, ಚಮಚದಲ್ಲಿ ನಿಲ್ಲುವಷ್ಟು ಗಟ್ಟಿಯಾದ ತಣ್ಣನೆಯ ಸಾಸು. ಹೊಗೆಗೆ ಎಚ್ಚರವಾದ ಹೆಂಡತಿಯೂ ಬಂದು ಕೂತಳು. ಮಾಲೀಕರು ತಟ್ಟೆ ಖಾಲಿ ಮಾಡಿದರು. ಮತ್ತೆ ಬಡಿಸಿಕೊಂಡರು. ಅವರ ಕಣ್ಣಲ್ಲಿ ನೀರಾಡಿದ್ದು ಬೆಳ್ಳುಳ್ಳಿಯಿಂದ ಇರಲಾರದು. ಕೇಳಲು ಇದೇ ಸಮಯ ಎಂದು ಉಪಸಂಪಾದಕ ಎದ್ದು ನಿಂತ.

“ಸಾರ್, ಅತ್ತಿಗೆ ನಾನೇ. ಪುಟ ಬರೀತಾ ಇದ್ದದ್ದು ನಾನು.”

“ಬರೆದದ್ದು ನೀವೇ ಅಂತ ನನಗೂ ಗೊತ್ತು,” ಎಂದರು ಮಾಲೀಕರು, ಅಗಿಯುವುದನ್ನು ನಿಲ್ಲಿಸದೆ. “ಈ ಅಮ್ಮ ಹೇಳಿದ್ದನ್ನ ಬರ್ಕೊಂಡು ಬಂದಿದ್ದೀರಿ. ಅದಕ್ಕೇ ತಪ್ಪುಗಳಿರೋದು.”

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನ ಪರವಾಗಿಯೇ ಮಾತಾಡಿದಳು, ಇವರೇ ಬರೆಯೋದು, ರಾತ್ರಿ ಇದೇ ಮೇಜಿನ ಮೇಲೆ ಕೂತು ಬರೀತಾರೆ ಎಂದಳು. ಮಾಲೀಕರು ನಯವಾಗಿ, ನಿಮ್ಮ ಯಜಮಾನರು ಈ ಮನೆಯಲ್ಲಿ ಯಾವತ್ತಾದರೂ ಅಡುಗೆ ಮಾಡಿದ್ದಾರಾ ಎಂದು ಕೇಳಿದರು. ರೋಗಿಯ ಜ್ವರವನ್ನು ಇದ್ದಷ್ಟೇ ಬರೆದು ಅಭ್ಯಾಸವಾಗಿದ್ದ ಅವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಇವತ್ತೇ ಮೊದಲು,” ಎಂದಳು.

ಕೊನೆಯ ಅಸ್ತ್ರವೆಂದು ಉಪಸಂಪಾದಕ ಕಣ್ಣು ಮುಚ್ಚಿ ಆ ವಾರದ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಮೇಷ್ಟ್ರು ತಮ್ಮ ಪ್ರತಿಯಲ್ಲಿ ಬೆರಳಾಡಿಸಿ, ಒಂದಕ್ಷರವೂ ತಪ್ಪಿಲ್ಲ ಎಂದು ಸಾಕ್ಷಿ ನುಡಿದರು. ಮಾಲೀಕರು ತಲೆಯಾಡಿಸಿದರು.

“ಬಾಯಿಪಾಠ ಮಾಡೋದು ಓದಿದವರು, ಬರೆದವರಲ್ಲ. ಈ ಅಮ್ಮನ್ನ ನೋಡಿ. ಪುಟದಲ್ಲಿ ಬಂದಿರೋದು ತಪ್ಪು ಅಂದ್ರು. ಅತ್ತಿಗೆ ಮಾತನ್ನ ತಪ್ಪು ಅನ್ನೋ ಧೈರ್ಯ ಅತ್ತಿಗೆಗೆ ಬಿಟ್ರೆ ಇನ್ಯಾರಿಗಿರತ್ತೆ?”

ಮೇಷ್ಟ್ರು ಎದ್ದು ನಿಂತು ಚೆಕಿಂಗ್ ಅಮ್ಮನಿಗೆ ಸೆಲ್ಯೂಟ್ ಹೊಡೆದರು.

“ನಾನು ಜನ್ಮದಲ್ಲಿ ದಂಡದ ರಸೀದಿ ಬಿಟ್ಟು ಬೇರೇನೂ ಬರೆದೋಳಲ್ಲ,” ಎಂದು ಚೆಕಿಂಗ್ ಅಮ್ಮ ಸಿಡುಕಿದರು. “ತಲೆ ಕೆಟ್ಟಿದೆಯಾ ನಿಮಗೆಲ್ಲ?”

“ಕೇಳಿದ್ರಾ ಆ ಗದರಿಕೆ?” ಎಂದು ಮಾಲೀಕರು ಕರಗಿಹೋದರು. ಇದೇ ಗದರಿಕೆಯನ್ನು ತಾವು ವಾರವಾರವೂ ಓದಿರುವುದಾಗಿ ಹೇಳಿ, ಕಾಯಂ ಹುದ್ದೆಯ ವಿಷಯ ಎತ್ತಿದರು. ಸಂಬಳ ಹೇಳಿದರು, ಕಿಟಕಿ ಪಕ್ಕದ ಮೇಜು ಕೊಡುವುದಾಗಿ ಹೇಳಿದರು, ಆಫೀಸಿನಲ್ಲಿ ತಪ್ಪು ಮಾಡುವವರು ಬೇಕಾದಷ್ಟಿದ್ದಾರೆ, ಹಿಡಿಯುವವರೇ ಇಲ್ಲ ಎಂದೂ ಹೇಳಿದರು. ಚೆಕಿಂಗ್ ಅಮ್ಮನ ಸಿಡುಕು ಅಲ್ಲಿಗೆ ನಿಂತಿತು. ನಿವೃತ್ತಿಯಾದ ಮೇಲೆ ಹಿಡಿಯಲು ಒಬ್ಬರೂ ಸಿಗದೆ ಅವರು ಬಹಳ ಬಡವಾಗಿದ್ದರು. ಉಪಸಂಪಾದಕನ ಕಡೆ ಒಮ್ಮೆ ನೋಡಿ, ಮುಖ ಆಚೆ ತಿರುಗಿಸಿಕೊಂಡು, “ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು?” ಎಂದು ಕೇಳಿದರು.

ಸೋಮವಾರ ಕಿಟಕಿ ಪಕ್ಕದ ಮೇಜಿನಲ್ಲಿ ಚೆಕಿಂಗ್ ಅಮ್ಮ ಕುಳಿತರು. ಅವರ ಪಕ್ಕದ ಸ್ಟೂಲಿನಲ್ಲಿ ಉಪಸಂಪಾದಕ. ಮೊದಲ ಕೆಲಸ, ಮೊಟ್ಟೆಯ ಸಾಲನ್ನೂ ಸೌತೆಕಾಯಿ ಹಿಂಡುವ ಸಾಲನ್ನೂ ಬಿಟ್ಟು ಊರಿನ ಉಂಡೆಗಳನ್ನೆಲ್ಲ ಕೆಡಿಸಿದ್ದಕ್ಕೆ ಓದುಗರ ಕ್ಷಮೆ ಕೇಳುವುದು. ಏನು ಬರೆಯಬೇಕೋ ಚೆಕಿಂಗ್ ಅಮ್ಮನಿಗೆ ಹೊಳೆಯಲಿಲ್ಲ. ನೀನೇ ಏನಾದ್ರೂ ಗೀಚಪ್ಪಾ, ತಪ್ಪಿದ್ರೆ ಹೇಳ್ತೀನಿ ಎಂದು ಅವರು ಕಿಟಕಿಯಾಚೆ, ಬಸ್ಸು ಹತ್ತುವವರನ್ನು ಒಬ್ಬೊಬ್ಬರನ್ನಾಗಿ ಗಮನಿಸತೊಡಗಿದರು. ಉಪಸಂಪಾದಕ ‘ನಾದಿನಿಯರೇ’ ಎಂದು ಶುರು ಮಾಡಿ, ತನ್ನನ್ನು ತಾನೇ ಚೆನ್ನಾಗಿ ಗದರಿಸಿ, ಕತ್ತರಿ ಹಿಡಿದ ಉಪಸಂಪಾದಕನ ಕೈಗೆ ಅಡುಗೆ ಕೊಟ್ಟದ್ದು ನನ್ನದೇ ತಪ್ಪು, ಈ ಬಾರಿ ಹೋಗಲಿ ಬಿಡಿ, ಪಾಪದವನು ಎಂದು ಮುಗಿಸಿದ.

ಮಾಲೀಕರು ಅದನ್ನು ನಿಂತಲ್ಲೇ ಓದಿದರು. ಎರಡು ಕಡೆ ನಕ್ಕರು, ಒಂದು ಕಡೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಕಾಗದವನ್ನು ಉಪಸಂಪಾದಕನ ಮುಂದೆ ಹಿಡಿದು, ಅವನ ಹೆಗಲ ಮೇಲೆ ಕೈಯಿಟ್ಟರು.

“ನೋಡಿದ್ರಾ? ಇದು ಅತ್ತಿಗೆ ಬರವಣಿಗೆ ಅಂದ್ರೆ. ಇನ್ನು ಎಷ್ಟು ವರ್ಷ ಅವರ ಪಕ್ಕ ಕೂತ್ರೂ ನಿಮಗೆ ಹೀಗೆ ಬರೆಯೋಕೆ ಬರಲ್ಲ.”